ಅಕ್ಕಪಕ್ಕ 1 ಬಾರದ ಅಂಕಿ ಚೌಕಗಳನ್ನು ಎಣಿಸುವ ಕ್ರಮ

ಮೂರು ಸಾಲು, ಮೂರು ಕಂಬಸಾಲುಗಳ ಚೌಕದ ಪ್ರತಿ ಮನೆಯಲ್ಲೂ 0 ಅಥವಾ 1 ಬರೆಯಬೇಕು. ಅಡ್ಡಕ್ಕಾಗಲಿ ಉದ್ದಕ್ಕಾಗಲಿ ಅಕ್ಕಪಕ್ಕದ ಎರಡು ಮನೆಗಳಲ್ಲಿ 1 ಬರಕೂಡದು. ಇಂಥ ಚೌಕಗಳು ಎಷ್ಟು? ನಿಯಮವಿಲ್ಲದಿದ್ದರೆ 512 ಚೌಕಗಳಾಗುತ್ತವೆ, ಅವನ್ನು ಒಂದೊಂದಾಗಿ ಪರೀಕ್ಷಿಸಲೂಬಹುದು. ಆದರೆ ಎಂಟಕ್ಕೆ ಎಂಟರ ಚೌಕಕ್ಕೆ 2ರ 64ನೇ ಘಾತದಷ್ಟು ಸಾಧ್ಯತೆಗಳಿರುವುದರಿಂದ ಆ ದಾರಿ ಅಲ್ಲಿಗೇ ಮುಚ್ಚುತ್ತದೆ.

ಮೊದಲು ಒಂದೇ ಸಾಲನ್ನು ನೋಡಬೇಕು. ನಿಯಮಕ್ಕೆ ಒಪ್ಪುವ ಸಾಲುಗಳು ಐದು: 000, 100, 010, 001, 101. ಸಾಲಿನ ಕೊನೆಗೆ ಒಂದು 0 ಸೇರಿಸಿ, 0 ಅನ್ನು ಲಘುವೆಂದೂ 10 ಅನ್ನು ಗುರುವೆಂದೂ ಓದಿದರೆ, ಇವು ಕಂದಪದ್ಯದ ನಾಲ್ಕು ಮಾತ್ರೆಯ ಗಣದ ಐದು ರೂಪಗಳೇ ಆಗಿವೆ.

ಮುಂದಿನ ಸಾಲು ಹೇಗಿರಬಹುದೆಂಬುದನ್ನು ಅದರ ಮೇಲಿನ ಒಂದು ಸಾಲು ಮಾತ್ರ ನಿರ್ಧರಿಸುತ್ತದೆ, ಅದಕ್ಕೂ ಮೇಲಿನ ಸಾಲುಗಳಲ್ಲಿ ಏನಿತ್ತೆಂಬುದು ಬೇಕಾಗುವುದಿಲ್ಲ. ಇಡೀ ವಿಧಾನ ನಿಂತಿರುವುದು ಇದರ ಮೇಲೆ. ಆದ್ದರಿಂದ ಯಾವ ಸಾಲಿನ ಕೆಳಗೆ ಯಾವುದು ಕೂರಬಲ್ಲದು ಎಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. 000ಕ್ಕೆ ಐದೂ ಹೊಂದುತ್ತವೆ. 100ಕ್ಕೆ 000, 010, 001. 010ಕ್ಕೆ ತನ್ನನ್ನು ಬಿಟ್ಟು ಉಳಿದ ನಾಲ್ಕೂ. 001ಕ್ಕೆ 000, 100, 010. 101ಕ್ಕೆ 000, 010 ಮಾತ್ರ.

ಒಂದು ರೂಪದ ಎಣಿಕೆಯೆಂದರೆ ಆ ಸಾಲಿನಲ್ಲಿ ಆ ರೂಪ ಬರುವಂತೆ ಅಲ್ಲಿಯವರೆಗಿನ ಸಾಲುಗಳನ್ನು ತುಂಬುವ ಬಗೆಗಳ ಸಂಖ್ಯೆ. ಮೊದಲ ಸಾಲಿನಲ್ಲಿ ಐದು ರೂಪಗಳಿಗೂ ಎಣಿಕೆ 1. ಎರಡನೆಯ ಸಾಲಿನಲ್ಲಿ ಪ್ರತಿ ರೂಪದ ಎಣಿಕೆಯೆಂದರೆ ಅದಕ್ಕೆ ಹೊಂದುವ ಮೇಲಿನ ರೂಪಗಳ ಎಣಿಕೆಗಳ ಮೊತ್ತ: ಕ್ರಮವಾಗಿ 5, 3, 4, 3, 2. ಮೂರನೆಯದಕ್ಕೂ ಹೀಗೆಯೇ ಕೂಡಿದರೆ 000ಕ್ಕೆ 17, 100ಕ್ಕೆ 5+4+3 ಸೇರಿ 12, 010ಕ್ಕೆ 13, 001ಕ್ಕೆ 12, 101ಕ್ಕೆ 9 ಬರುತ್ತವೆ. ಒಟ್ಟು 63, ಅದೇ ಉತ್ತರ.

ಇನ್ನೊಂದು ಸಾಲು ಮುಂದುವರಿಸಿದರೆ 227 ಸಿಗುತ್ತದೆ. ನಾಲ್ಕು ಮನೆ ಅಗಲದ ಎಂಟು ರೂಪಗಳನ್ನು ಹಿಡಿದು ಮೂರು ಸಾಲು ಕಟ್ಟಿದರೂ ಇದೇ 227 ಬರಬೇಕು, ಏಕೆಂದರೆ ಚೌಕವನ್ನು ತಿರುಗಿಸಿದರೆ ನಿಯಮ ಬದಲಾಗುವುದಿಲ್ಲ. ಹೊಂದಾಣಿಕೆಯ ಪಟ್ಟಿಯಲ್ಲಿ ನುಸುಳಿದ ತಪ್ಪನ್ನು ಹಿಡಿಯಲು ಇದಕ್ಕಿಂತ ಸುಲಭದ ತಾಳೆ ನನಗೆ ಕಂಡಿಲ್ಲ. ನಾಲ್ಕಕ್ಕೆ ನಾಲ್ಕರ ಚೌಕಕ್ಕೆ 1,234, ಐದಕ್ಕೆ ಐದರದಕ್ಕೆ 55,447 ಬರುತ್ತವೆ.

ನಿಯಮ ಬೇರೆಯಾದರೆ, ಉದಾಹರಣೆಗೆ 0, 1, 2 ಎಂಬ ಅಂಕಿಗಳನ್ನು ಬರೆಯಬಹುದು, ಆದರೆ ಅಕ್ಕಪಕ್ಕದ ಅಂಕಿಗಳ ವ್ಯತ್ಯಾಸ 1ನ್ನು ಮೀರಬಾರದು ಎಂದಿದ್ದರೆ, ಸಾಲುಗಳ ಪಟ್ಟಿ ಮತ್ತು ಹೊಂದಾಣಿಕೆಯ ಪಟ್ಟಿ ಎರಡನ್ನು ಹೊಸದಾಗಿ ಬರೆದರೆ ಸಾಕು. ಕೊನೆಯ ಸಾಲು ಮೊದಲನೆಯದಕ್ಕೂ ನೆರೆಯಾಗುವಂತೆ ಸುತ್ತಿದ ಚೌಕಕ್ಕೆ ಮಾತ್ರ ಇಷ್ಟು ಸಾಲದು: ಅಲ್ಲಿ ಮೊದಲ ಸಾಲಿನ ಒಂದೊಂದು ರೂಪವನ್ನೂ ಪ್ರತ್ಯೇಕವಾಗಿ ಹಿಡಿದು ಎಣಿಸಿ, ಕೊನೆಯಲ್ಲಿ ಅದಕ್ಕೆ ಹೊಂದುವ ರೂಪಗಳ ಎಣಿಕೆಗಳನ್ನಷ್ಟೇ ಕೂಡಬೇಕು.