ಟ್ಯಾಲಿ ಕಲಿತರೆ ಸಾಕೇ? ಲೆಕ್ಕದ ಕೆಲಸಕ್ಕೆ ಸಜ್ಜಾಗುವುದು ಹೀಗೆ

ಬಿ.ಕಾಂ. ಮುಗಿಸಿ, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನ ಕೋರ್ಸ್ ಮಾಡಿಕೊಂಡರೆ ಆಡಿಟರ್ ಆಫೀಸಿನಲ್ಲೋ ಅಡಿಕೆ ಮಂಡಿಯಲ್ಲೋ ಒಂದು ಕೆಲಸ ಸಿಗುತ್ತಿತ್ತು. ಈಗಲೂ ಸಿಗುತ್ತದೆ. ಆದರೆ ಬರೀ ಎಂಟ್ರಿ ಹೊಡೆಯುವವರಿಗೆ ಅಲ್ಲಿ ಬೆಳೆಯಲು ಜಾಗವಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಸಾಫ್ಟ್‌ವೇರೇ ಎಳೆದುಕೊಳ್ಳುತ್ತದೆ. ಇ-ಇನ್‌ವಾಯ್ಸ್ (ಆನ್‌ಲೈನಿನಲ್ಲಿ ನೋಂದಾಯಿಸಿದ ಬಿಲ್) ವಿವರ ತಾನಾಗಿಯೇ ಜಿಎಸ್‌ಟಿ ರಿಟರ್ನ್‌ಗೆ ಹೋಗಿ ಕೂರುತ್ತದೆ. ಉಳಿಯುವುದು ತಾಳೆ ನೋಡುವ, ತಪ್ಪು ಹಿಡಿಯುವ ಕೆಲಸ. ಕಲಿಕೆಯೂ ಅದಕ್ಕೆ ತಕ್ಕಂತೆ ಇರಬೇಕು ಅಲ್ವಾ?

ಮೊದಲು ಪೆನ್ನು, ಆಮೇಲೆ ಕಂಪ್ಯೂಟರ್

ಪರಿಚಯದ ಅಂಗಡಿಯೊಂದರ ಒಂದು ತಿಂಗಳ ಬಿಲ್‌ಗಳನ್ನು ಕೇಳಿ ಪಡೆಯಿರಿ. ಜರ್ನಲ್ (ದಿನದ ವ್ಯವಹಾರದ ದಾಖಲೆ), ಲೆಡ್ಜರ್ (ಖಾತೆವಾರು ಪುಸ್ತಕ), ಟ್ರಯಲ್ ಬ್ಯಾಲೆನ್ಸ್ (ಡೆಬಿಟ್, ಕ್ರೆಡಿಟ್ ಸಮ ಇವೆಯೇ ಎಂದು ನೋಡುವ ಪಟ್ಟಿ), ಎಲ್ಲವನ್ನೂ ಕೈಯಲ್ಲೇ ಬರೆಯಿರಿ. ಹಳೇ ಪದ್ಧತಿ ಅನ್ನಿಸಬಹುದು, ಆದರೆ ಬೇರೆ ದಾರಿಯಿಲ್ಲ. ಅಂಗಡಿಗೆ ಕೊಂಡ ಫ್ರಿಜ್ಜನ್ನು ರಿಪೇರಿ ಖರ್ಚಿಗೆ ಹಾಕಿದರೂ ಟ್ಯಾಲಿ ಸುಮ್ನೆ ಒಪ್ಪಿಕೊಳ್ಳುತ್ತದೆ. ಟ್ರಯಲ್ ಬ್ಯಾಲೆನ್ಸೂ ಸರಿಯಾಗಿ ಕೂಡುತ್ತದೆ. ಆದರೆ ಫ್ರಿಜ್ಜು ಖರ್ಚಲ್ಲ, ಆಸ್ತಿ. ಹಾಗಾಗಿ ಲಾಭದ ಅಂಕಿಯೂ ಆಸ್ತಿಯ ಅಂಕಿಯೂ ಸುಳ್ಳಾಗುತ್ತವೆ.

ಇಷ್ಟಾದ ಮೇಲೆ ಅದೇ ಬಿಲ್‌ಗಳನ್ನು ಟ್ಯಾಲಿಗೆ ಹಾಕಿ. ಬೆಂಗಳೂರಿನದೇ ಕಂಪನಿಯ ಈ ಸಾಫ್ಟ್‌ವೇರ್ ಕಲಿಯುವವರಿಗೆ ಉಚಿತ ಎಜುಕೇಷನಲ್ ಮೋಡ್ ಕೊಡುತ್ತದೆ. ಅದರಲ್ಲಿ ಕೆಲವೇ ತಾರೀಖುಗಳಿಗೆ ಎಂಟ್ರಿ ಹಾಕಬಹುದು, ಅಭ್ಯಾಸಕ್ಕೆ ಅಷ್ಟು ಸಾಕು. ಎಕ್ಸೆಲ್‌ನಲ್ಲಿ ವಿ-ಲುಕಪ್ (ಒಂದು ಪಟ್ಟಿಯ ವಿವರವನ್ನು ಇನ್ನೊಂದರಲ್ಲಿ ಹುಡುಕುವ ಫಾರ್ಮುಲಾ) ಮತ್ತು ಪಿವೋಟ್ ಟೇಬಲ್ (ದೊಡ್ಡ ಪಟ್ಟಿಯನ್ನು ಗುಂಪು ಮಾಡಿ ಕೂಡಿಸುವ ಸೌಲಭ್ಯ) ಬಂದರೆ ಅರ್ಧ ಆಫೀಸು ನಿಮ್ಮನ್ನೇ ಕರೆಯುತ್ತದೆ.

ತಾಳೆ ನೋಡುವುದನ್ನು ಕಲಿಯಿರಿ

ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿ ಎಂದುಕೊಳ್ಳಿ. ಪಾರ್ಟಿಯೊಬ್ಬರಿಂದ 50,000 ರೂಪಾಯಿ ಮಾಲು ಬಂತು. ಶೇ 18ರ ಜಿಎಸ್‌ಟಿ 9,000, ಒಟ್ಟು 59,000. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಪಾರ್ಟಿಯಾದರೆ, ಮರು ತಿಂಗಳ 11ರೊಳಗೆ ಜಿಎಸ್‌ಟಿಆರ್-1 ಎಂಬ ಮಾರಾಟದ ರಿಟರ್ನ್‌ನಲ್ಲಿ ಈ ಬಿಲ್ ತೋರಿಸಬೇಕು. 14ಕ್ಕೆ ಅಂಗಡಿಯವರ ಜಿಎಸ್‌ಟಿ ಖಾತೆಯಲ್ಲಿ 2ಬಿ, ಅಂದರೆ ಪಾರ್ಟಿಗಳು ತೋರಿಸಿದ ಬಿಲ್‌ಗಳ ಪಟ್ಟಿ, ಸಿದ್ಧವಾಗುತ್ತದೆ. 20ರೊಳಗೆ ಅಂಗಡಿಯವರು ತೆರಿಗೆ ಲೆಕ್ಕ ಕೊಡುವ 3ಬಿ ರಿಟರ್ನ್ ಸಲ್ಲಿಸಬೇಕು. ಪಾರ್ಟಿ ಮರೆತರೆ? ಬಿಲ್ ಕೈಯಲ್ಲಿದ್ದರೂ, ಮಾಲು ಗೋಡೌನಿನಲ್ಲಿದ್ದರೂ ಆ 9,000ದ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಈ ತಿಂಗಳು ಸಿಗುವುದಿಲ್ಲ. ತೆರಿಗೆ ಕಟ್ಟುವುದಿದ್ದರೆ ಅಷ್ಟು ದುಡ್ಡು ಕೈಯಿಂದ ಹೋಗುತ್ತದೆ.

2ಬಿಯನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಂಡು ಖರೀದಿ ಪುಸ್ತಕದ ಪಕ್ಕ ಇಡಿ. ಜಿಎಸ್‌ಟಿ ನಂಬರ್, ಬಿಲ್ ನಂಬರ್, ತೆರಿಗೆ ಮೊತ್ತ, ಈ ಮೂರನ್ನು ಹೋಲಿಸಿ. ಒಂದು ಕಡೆ ‘ಎಚ್‌ಕೆ-045’, ಇನ್ನೊಂದು ಕಡೆ ಬರೀ ‘45’ ಇರುತ್ತದೆ. ಫಾರ್ಮುಲಾ ಎರಡೂ ಬೇರೆ ಎನ್ನುತ್ತದೆ. ಒಂದೇ ಬಿಲ್ ಎಂದು ಗುರುತಿಸಬೇಕಾದವರು ನೀವು. ತಡ ಮಾಡುವ ಪಾರ್ಟಿಗಳ ಪಟ್ಟಿ ಇಟ್ಟುಕೊಂಡು 9–10ನೇ ತಾರೀಖಿಗೇ ಫೋನ್ ಮಾಡಿ, ‘ಸಾರ್, ನಮ್ಮ ಬಿಲ್ ಹಾಕಿದ್ರಾ?’ ಎಂದು ಕೇಳಿ. 14ರ ನಂತರ ಜಗಳವಾಡಿದರೂ ಆ ತಿಂಗಳಿಗೆ ಉಪಯೋಗವಿಲ್ಲ. ಇದನ್ನು ಯಾವ ಕಾಲೇಜೂ ಇಷ್ಟು ಬಿಡಿಸಿ ಹೇಳಿಕೊಡುವುದಿಲ್ಲ ಎಂಬುದು ನನ್ನ ತಕರಾರು.

ಯಾವ ಪರೀಕ್ಷೆ?

ಸಿ.ಎ. ಕಷ್ಟವೇ. ಆದರೆ ಅವಧಿ ಕಡಿಮೆಯಾಗಿದೆ. 2023ರ ಜುಲೈನಲ್ಲಿ ಬಂದ ಹೊಸ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ (ಸಿ.ಎ. ಆಫೀಸಿನಲ್ಲಿ ಮಾಡಬೇಕಾದ ತರಬೇತಿ) ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ಫೌಂಡೇಷನ್, ಇಂಟರ್, ಫೈನಲ್ ಎಂಬ ಮೂರು ಹಂತಗಳಲ್ಲಿ ಕೊನೆಯ ಎರಡರಲ್ಲೂ ಎಂಟಿದ್ದ ಪೇಪರ್ ಆರಾಗಿವೆ. ಪಿಯುಸಿ ಮುಗಿಸಿದವರು ಫೌಂಡೇಷನ್‌ನಿಂದ ಶುರು ಮಾಡಬೇಕು. ಬಿ.ಕಾಂ.ನಲ್ಲಿ ಶೇ 55 ಇದ್ದರೆ ನೇರ ಇಂಟರ್‌ಗೆ ಹೋಗಬಹುದು. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಲು ಅವಕಾಶ. ಕನ್ನಡ ಮಾಧ್ಯಮದವರು ಪಾಠದ ಜೊತೆಗೇ ಇಂಗ್ಲಿಷಿನಲ್ಲಿ ಉತ್ತರ ಬರೆಯುವ ಅಭ್ಯಾಸ ಶುರು ಮಾಡಿದರೆ ಒಳ್ಳೆಯದು. ಪರೀಕ್ಷೆ ಹತ್ತಿರ ಬಂದಾಗ ಅದಕ್ಕೆ ಸಮಯ ಸಿಗುವುದಿಲ್ಲ.

ಆರ್ಟಿಕಲ್‌ಶಿಪ್‌ಗೆ ದೊಡ್ಡ ಹೆಸರೇ ಬೇಕು ಎಂದು ಕಾಯಬೇಡಿ. ಜಿಲ್ಲಾ ಕೇಂದ್ರದ ಸಣ್ಣ ಆಫೀಸಿನಲ್ಲಿ ಜಿಎಸ್‌ಟಿ, ಆದಾಯ ತೆರಿಗೆ, ಸೊಸೈಟಿ ಆಡಿಟ್ ಎಲ್ಲವೂ ಕೈಗೆ ಬರುತ್ತವೆ. ಬೆಂಗಳೂರಿನ ದೊಡ್ಡ ಸಂಸ್ಥೆಯಲ್ಲಿ ಒಂದೇ ವಿಷಯವನ್ನು ಆಳವಾಗಿ ಕಲಿಯುತ್ತೀರಿ. ಮುಂದೆ ಊರಿನಲ್ಲೇ ಬೋರ್ಡ್ ಹಾಕುವ ಆಸೆಯಿದ್ದರೆ ಮೊದಲನೆಯದೇ ಮೇಲು.

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಲೆಕ್ಕ ನೋಡುವ ಕೆಲಸ ಜಾಸ್ತಿಯಾಗಿರುವುದರಿಂದ ಯುಎಸ್ ಸಿಪಿಎ (ಅಮೆರಿಕದ ಸಿ.ಎ. ಎನ್ನಬಹುದಾದ ಪರೀಕ್ಷೆ) ಕೋರ್ಸಿನ ಜಾಹೀರಾತುಗಳೂ ಜಾಸ್ತಿ. ನಾಲ್ಕು ಪೇಪರ್, ಬೆಂಗಳೂರಿನಲ್ಲೇ ಬರೆಯಬಹುದು. ಆದರೆ ಅರ್ಹತೆಯ ನಿಯಮ ಅಲ್ಲಿನ ಒಂದೊಂದು ರಾಜ್ಯಕ್ಕೂ ಬೇರೆ. ಮೂರು ವರ್ಷದ ಬಿ.ಕಾಂ. ಸಾಲದೇ ಹೋಗಬಹುದು. ನಿಮ್ಮ ಓದು ಅಲ್ಲಿನ ನಿಯಮಕ್ಕೆ ಸಾಕೇ ಎಂದು ಮೊದಲು ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಿ, ಆಮೇಲೆ ಕೋಚಿಂಗ್‌ಗೆ ದುಡ್ಡು ಕಟ್ಟಿ.

ಇನ್ನೊಂದು ಮಾತು, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವವರಿಗೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ, ಸೆಕ್ಷನ್ ನಂಬರ್‌ಗಳು ಬಹುತೇಕ ಬದಲಾಗಿವೆ. ಕಾಸ್ಟಿಂಗ್ (ತಯಾರಿಕೆಯ ವೆಚ್ಚ ಲೆಕ್ಕ ಹಾಕುವ ವಿಷಯ) ಪುಸ್ತಕ ಹಳೆಯದಾದರೂ ನಡೆಯುತ್ತದೆ. ತೆರಿಗೆಯದು ಮಾತ್ರ ನಿಮ್ಮ ಪರೀಕ್ಷೆಗೆ ಯಾವ ಕಾಯ್ದೆ ಅನ್ವಯ ಎಂದು ನೋಡಿಕೊಂಡು ಹೊಸದನ್ನೇ ಕೊಳ್ಳಿ.