ಟೈಲ್ಸ್ ಆರಿಸುವ ಮೊದಲು ವಾಟ ನೋಡಿ

ಟೈಲ್ಸ್ ಅಂಗಡಿಗೆ ಹೋದವರು ಮೊದಲು ನೋಡುವುದು ಬಣ್ಣ, ಆಮೇಲೆ ರೇಟು. ಮೊದಲು ಕೇಳಬೇಕಾದ್ದು ಯಾವ ಜಾಗಕ್ಕೆ ಅಂತ. ಹಾಲ್‌ಗೆ ಹೊಳೆಯುವ ವಿಟ್ರಿಫೈಡ್ (ಹೆಚ್ಚು ಬಿಸಿಯಲ್ಲಿ ಸುಟ್ಟು ಗಟ್ಟಿ ಮಾಡಿದ) ಟೈಲ್ ಇರಲಿ, ಬೇಡ ಅನ್ನುವುದಿಲ್ಲ. ಬಚ್ಚಲಿಗೆ, ಮಳೆ ಎರಚಲು ಬೀಳುವ ಜಗುಲಿಗೆ ಮಾತ್ರ ಹೊಳಪಿಲ್ಲದ ಮ್ಯಾಟ್ ಫಿನಿಶ್ಶೇ ಆಗಬೇಕು. ಅಂಗಡಿಯಲ್ಲೇ ಒಂದು ಟೈಲ್ ಮೇಲೆ ನೀರು ಚೆಲ್ಲಿ, ಬರಿಗಾಲಲ್ಲಿ ತುಳಿದು ನೋಡಿ. ಅಂಗಡಿಯವನು ನಕ್ಕರೆ ನಗಲಿ. ನಾಳೆ ಮನೆಯಲ್ಲಿ ಯಾರಾದರೂ ಜಾರಿ ಬಿದ್ದರೆ ಎತ್ತುವುದಕ್ಕೆ ಅವನು ಬರುವುದಿಲ್ಲ, ಅಲ್ವಾ?

ಬಾಕ್ಸ್ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಇರುತ್ತದೆ. ಎಲ್ಲ ಬಾಕ್ಸಿನಲ್ಲೂ ಅದು ಒಂದೇ ಇರಲಿ. ನೂರಕ್ಕೆ ಹತ್ತರಷ್ಟು ಜಾಸ್ತಿ ತಂದು, ಉಳಿದದ್ದನ್ನು ಅಟ್ಟದ ಮೇಲಿಡಿ. ಮುಂದೆ ಪೈಪು ಸೋರಿ ನೆಲ ಒಡೆಯಬೇಕಾದಾಗ ಅದೇ ಡಿಸೈನು ಸಿಗುವುದು ಕಷ್ಟ.

ಇನ್ನು ವಾಟ, ಅಂದರೆ ನೀರು ಹರಿದು ಹೋಗಲು ನೆಲಕ್ಕೆ ಕೊಡುವ ಇಳಿಜಾರು. ಬಚ್ಚಲಿನ ನೆಲ ಪಕ್ಕದ ಕೋಣೆಗಿಂತ ಒಂದಿಂಚಾದರೂ ತಗ್ಗಿರಬೇಕು. ನೀರು ಹೋಗುವ ಜಾಲಿಯ ಕಡೆಗೆ ಅಡಿಗೆ ಕಾಲಿಂಚಿನಷ್ಟು ವಾಟ ಬೇಕು. ಮೇಸ್ತ್ರಿ ‘ಆಗುತ್ತೆ ಬಿಡಿ ಅಮ್ಮಾ’ ಅನ್ನುತ್ತಾನೆ. ಬಿಡಬೇಡಿ. ಟೈಲ್ ಕೂರಿಸಿ, ಅಡಿಯ ಗಾರೆ ಹಸಿ ಇರುವಾಗಲೇ ಮೂಲೆಯಿಂದ ಒಂದು ಗೋಲಿ ಬಿಟ್ಟು ನೋಡಿ. ಅದು ಜಾಲಿಗೆ ಬರದೆ ಗೋಡೆ ಪಕ್ಕ ನಿಂತರೆ, ನಾಳೆ ನೀರೂ ಅಲ್ಲೇ ನಿಲ್ಲುತ್ತದೆ. ಆಗಲೇ ಎಬ್ಬಿಸಿ ಕೂರಿಸುವುದು ಸುಲಭ. ಮಹಡಿ ಮನೆಯಾದರೆ ಟೈಲ್ಸ್‌ಗೆ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ಪೈಪಿನ ಬಾಯಿ ಮುಚ್ಚಿ, ಎರಡು ದಿನ ನೀರು ಕಟ್ಟಿಸಿ. ಆಮೇಲೆ ಕೆಳಗಿನ ಮನೆಗೆ ಹೋಗಿ ತಲೆ ಎತ್ತಿ ನೋಡಿ ಬನ್ನಿ.

ವಿಟ್ರಿಫೈಡ್ ಟೈಲ್ ನೀರು ಕುಡಿಯುವುದೇ ಇಲ್ಲ ಅನ್ನಬೇಕು. ಹಾಗಾಗಿ ಬರೀ ಸಿಮೆಂಟ್ ಹಾಲು ಅದಕ್ಕೆ ಸರಿಯಾಗಿ ಕಚ್ಚುವುದಿಲ್ಲ, ಟೈಲ್ ಅಂಟಿಸುವುದಕ್ಕೇ ಇರುವ ಅಡ್ಹೆಸಿವ್ ಬೇಕು. ಗೋಡೆಗೆ ಹಾಕುವ ಸೆರಾಮಿಕ್ ಬೇರೆ ಜಾತಿ. ಅದನ್ನು ಸಿಮೆಂಟಿನಲ್ಲಿ ಕೂರಿಸುವುದಾದರೆ ನೀರಲ್ಲಿ ನೆನೆಸಿಯೇ ಕೂರಿಸಬೇಕು. ಕೆಲಸದವರು ಅವಸರದಲ್ಲಿ ನಾಲ್ಕು ಮೂಲೆಗೆ, ನಡುವಿಗೆ ಒಂದೊಂದು ಗುಪ್ಪೆ ಹಾಕಿ ಟೈಲ್ ಇಟ್ಟುಬಿಡುತ್ತಾರೆ. ಅಡಿಯೆಲ್ಲ ಟೊಳ್ಳು! ಒಣಗಿದ ಮೇಲೆ ನಾಣ್ಯದಿಂದ ಕುಟ್ಟುತ್ತಾ ಬನ್ನಿ. ಡಬ್ ಡಬ್ ಅಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕಿತ್ತು ಹಾಕಿಸಿ. ಕೊನೆಯ ಕಂತಿನ ದುಡ್ಡು ಇದಾದ ಮೇಲೇ ಕೊಡಿ.

ರೆಡ್ ಆಕ್ಸೈಡ್ ನೆಲ, ಅಂದರೆ ಸಿಮೆಂಟಿಗೆ ಕೆಂಪು ಬಣ್ಣ ಕಲೆಸಿ ತೀಡಿದ ನೆಲ, ಮತ್ತೆ ಬೇಕು ಅನ್ನುವವರು ಈಗ ಜಾಸ್ತಿ. ನನಗೂ ಅದೇ ಇಷ್ಟ, ಬೇಸಿಗೆಯಲ್ಲಿ ಮಧ್ಯಾಹ್ನ ಬರಿನೆಲದಲ್ಲಿ ಮಲಗಿದವರಿಗೆ ಗೊತ್ತು. ಆದರೆ ಕೈಪಳಗಿದ ಗಾರೆಯವರು ಸಿಕ್ಕರೆ ಮಾತ್ರ ಕೈ ಹಾಕಿ. ಒಂದು ಕೋಣೆಗೆ ಬೇಕಾದ ಬಣ್ಣ, ಸಿಮೆಂಟು ಎರಡನ್ನೂ ಒಂದೇ ಸಲ ಒಣದಾಗಿ ಕಲೆಸಿಡಬೇಕು, ಇಲ್ಲದಿದ್ದರೆ ಅಲ್ಲೊಂದು ಬಣ್ಣ ಇಲ್ಲೊಂದು ಬಣ್ಣ. ಕೆಳಗಿನ ಗಾರೆ ಇನ್ನೂ ಹಸಿ ಇರುವಾಗಲೇ ಮೇಲಿನ ಪದರ ಬೀಳಬೇಕು. ಆಮೇಲೆ ಕರಣೆ ಹಿಡಿದು ಕೂತು ತೀಡುವುದೇ ಕೆಲಸ. ಅರ್ಧ ಮುಗಿಸಿ ಊಟಕ್ಕೆ ಎದ್ದರೆ ಆ ಗೆರೆ ಶಾಶ್ವತ. ಮಾರನೆಯ ದಿನದಿಂದ ಒಂದು ವಾರ ನೀರು ಕಟ್ಟಿ, ಯಾರನ್ನೂ ಓಡಾಡಲು ಬಿಡಬೇಡಿ. ಪೂರ್ತಿ ಒಣಗಿದ ಮೇಲೆ ಬಟ್ಟೆಯಲ್ಲಿ ತೆಳ್ಳಗೆ ಕೊಬ್ಬರಿ ಎಣ್ಣೆ ಉಜ್ಜಿದರೆ ಹೊಳಪು ಬರುತ್ತದೆ. ಸಣ್ಣ ಬಿರುಕು ಬಂದೇ ಬರುತ್ತದೆ. ಅದನ್ನು ಸಹಿಸದವರು ಟೈಲ್ಸ್ ಹಾಕಿಸುವುದೇ ವಾಸಿ.

ಸೂರಿನ ವಿಷಯ. ಹಂಚಿನ ಮನೆಯವರು ಸೆಕೆ ಅಂತ ಫಾಲ್ಸ್ ಸೀಲಿಂಗ್‌ಗೆ ಓಡಬೇಡಿ. ಹಂಚಿನ ಅಡಿಗೆ ಸೀಲಿಂಗ್ ಹಂಚು ಜೋಡಿಸಿದರೆ ನಡುವಿನ ಗಾಳಿಯೇ ಬಿಸಿಲನ್ನು ತಡೆಯುತ್ತದೆ. ತಾರಸಿ ಮನೆಗೆ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಹಾಕಿಸುವುದಾದರೆ ಒಂದು ಮಳೆಗಾಲ ಕಾದು, ಎಲ್ಲಿಯೂ ಸೋರುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನೀರು ತಾಗಿದರೆ ಬೋರ್ಡ್ ಉಬ್ಬಿ ಜೋತುಬೀಳುತ್ತದೆ. ಬಚ್ಚಲಿಗೆ ಪಿವಿಸಿ ಸಾಕು. ಫ್ಯಾನಿನ ಕೊಕ್ಕೆ ತಾರಸಿಯಿಂದಲೇ ಇಳಿದಿರಬೇಕು, ಬೋರ್ಡಿಗೆ ಅದರ ಭಾರ ಬೀಳಲೇಬಾರದು. ಬೋರ್ಡ್ ಮುಚ್ಚುವ ಮೊದಲು ವೈರು ಹೋದ ದಾರಿಯ ಪಕ್ಕ ಅಳತೆ ಟೇಪು ಹಿಡಿದು, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.