ತತ್ತ್ವಮೀಮಾಂಸೆಯನ್ನು ಪೂರ್ವ–ಪಶ್ಚಿಮಗಳಲ್ಲಿ ಓದುವುದು ಹೇಗೆ?

ತತ್ತ್ವಮೀಮಾಂಸೆ ಎಂದರೆ ಇರುವುದರ ಮೂಲ ಸ್ವರೂಪವನ್ನು ಕುರಿತ ವಿಚಾರ. ಪಶ್ಚಿಮದ ತತ್ತ್ವಮೀಮಾಂಸೆ ತರ್ಕಪ್ರಧಾನ, ಪೂರ್ವದ್ದು ಅನುಭಾವಪ್ರಧಾನ ಎಂಬ ಪ್ರಚಲಿತ ಮಾತನ್ನು ಮೊದಲು ಬದಿಗಿಡಬೇಕು. ಅದನ್ನು ನಂಬಿ ಓದಲು ಕುಳಿತವರಿಗೆ ನ್ಯಾಯದರ್ಶನದವರಾದ ನೈಯಾಯಿಕರ ಬಿಗಿಯಾದ ವಾದಸರಣಿಯೂ ಕಾಣುವುದಿಲ್ಲ, ಪ್ರಾಚೀನ ಗ್ರೀಕ್ ಪರಂಪರೆಯ ಚಿಂತಕ ಪ್ಲಾಟಿನಸ್‌ನ ಅನುಭಾವವೂ ಕಾಣುವುದಿಲ್ಲ. ಸಿದ್ಧ ವ್ಯಾಖ್ಯೆಯನ್ನು ಹುಡುಕುವ ಬದಲು ಒಂದೇ ಬಗೆಯ ಪ್ರಶ್ನೆಗಳನ್ನು ಎರಡೂ ಕಡೆ ಕೇಳುತ್ತ ಹೋಗುವುದು ಒಳ್ಳೆಯದು.

ಮೊದಲನೆಯದಾಗಿ, ಒಂದು ದರ್ಶನವು ಇರುವುದೆಲ್ಲವನ್ನೂ ಹೇಗೆ ವಿಂಗಡಿಸುತ್ತದೆ ಎಂಬುದನ್ನು ಬರೆದುಕೊಳ್ಳಿ. ಅರಿಸ್ಟಾಟಲ್ ದ್ರವ್ಯ, ಪರಿಮಾಣ, ಗುಣ, ಸಂಬಂಧ ಮೊದಲಾದ 10 ವರ್ಗಗಳನ್ನು ಹೇಳಿದ. ಭಾರತದ ವೈಶೇಷಿಕ ದರ್ಶನದವರು ದ್ರವ್ಯ, ಗುಣ, ಕರ್ಮ (ಚಲನೆ), ಸಾಮಾನ್ಯ (ಹಲವಕ್ಕೆ ಸಮಾನವಾದದ್ದು), ವಿಶೇಷ (ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು), ಸಮವಾಯ (ಬಿಡಿಸಲಾಗದ ಸಂಬಂಧ) ಎಂದು 6 ಪದಾರ್ಥಗಳನ್ನು, ಅಂದರೆ ಇರುವುದರ ಮೂಲ ಬಗೆಗಳನ್ನು, ಎಣಿಸಿದರು; ಮುಂದಿನವರು ಅಭಾವವನ್ನು (ಇಲ್ಲದಿರುವಿಕೆಯನ್ನು) ಏಳನೆಯದಾಗಿ ಸೇರಿಸಿದರು.

ಇನ್ನು, ಈ ಪಟ್ಟಿಗಳನ್ನು ಒಂದು ಉದಾಹರಣೆಗೆ ಹಚ್ಚಿ ನೋಡಬೇಕು; ನನ್ನ ಮಟ್ಟಿಗೆ ಇದೇ ಅತ್ಯಂತ ಫಲಪ್ರದವಾದ ಹಂತ. ‘ನೆಲದ ಮೇಲೆ ಗಡಿಗೆ ಇಲ್ಲ’ ಎಂಬ ಶಾಸ್ತ್ರಪ್ರಸಿದ್ಧ ವಾಕ್ಯವನ್ನೇ ತೆಗೆದುಕೊಳ್ಳಿ. ಇಲ್ಲಿ ನಮಗೆ ತಿಳಿದದ್ದು ಬರಿಯ ನೆಲವೋ, ಅದರ ಮೇಲಿರುವ ‘ಗಡಿಗೆಯ ಅಭಾವ’ ಎಂಬ ಇನ್ನೊಂದೋ? ಗಡಿಗೆ ಇದ್ದಾಗಲೂ ನೆಲ ಇದ್ದೇ ಇರುವುದರಿಂದ, ‘ಇಲ್ಲ’ ಎಂಬ ನಿಜವಾದ ಅರಿವಿಗೆ ಬೇರೆಯೇ ವಿಷಯ ಬೇಕೆಂದು ನೈಯಾಯಿಕರು ವಾದಿಸುತ್ತಾರೆ. ಮೀಮಾಂಸಾ ದರ್ಶನದಲ್ಲಿ ಪ್ರಭಾಕರನ ಮತವನ್ನು ಹಿಡಿದ ಪ್ರಾಭಾಕರ ಮೀಮಾಂಸಕರು ಇದನ್ನು ಒಪ್ಪದೆ, ಬರಿ ನೆಲವೇ ಸಾಕೆನ್ನುತ್ತಾರೆ. ಉಡುಪಿಯ ಮಧ್ವಾಚಾರ್ಯರು ಅಭಾವವನ್ನು ಒಪ್ಪಿದರೂ, ಅದನ್ನು ಪರಮಾತ್ಮನ ಅಧೀನವಾದ ಅಸ್ವತಂತ್ರ ತತ್ತ್ವಗಳಲ್ಲಿ ಇರಿಸುತ್ತಾರೆ. ಅರಿಸ್ಟಾಟಲನ ಪಟ್ಟಿಯಲ್ಲಾದರೋ ಅಭಾವಕ್ಕೆ ಪ್ರತ್ಯೇಕ ವರ್ಗವೇ ಇಲ್ಲ. ‘ಪೂರ್ವ’ ಎಂಬ ಒಂದೇ ಹೆಸರಿನ ಒಳಗೆ ಎಷ್ಟು ಭಿನ್ನಮತಗಳಿವೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಅನಂತರ, ಯಾವುದು ಯಾವುದನ್ನು ಆಶ್ರಯಿಸಿದೆ ಎಂದು ಕೇಳಿ. ಅರಿಸ್ಟಾಟಲನಲ್ಲಿ ಬಣ್ಣಕ್ಕೆ ದ್ರವ್ಯವೇ ಆಶ್ರಯ. ಬೌದ್ಧ ಚಿಂತಕ ನಾಗಾರ್ಜುನನಲ್ಲಿ ಎಲ್ಲವೂ ಕಾರಣಗಳನ್ನು ಅವಲಂಬಿಸಿ ಹುಟ್ಟುವುದರಿಂದ ಯಾವುದಕ್ಕೂ ಸ್ವಭಾವ, ಅಂದರೆ ತನ್ನದೇ ಆದ ಸ್ವತಂತ್ರ ಸ್ವರೂಪ, ಇಲ್ಲ.

ಕೊನೆಯದಾಗಿ, ಈ ವಿಚಾರಣೆ ಯಾವುದಕ್ಕಾಗಿ ಎಂಬುದನ್ನೂ, ಅದನ್ನು ತಿಳಿಯುವ ಬಗೆ ಯಾವುದೆಂಬುದನ್ನೂ ಗಮನಿಸಿ. ನೈಯಾಯಿಕರ ಮೂಲಗ್ರಂಥವಾದ ನ್ಯಾಯಸೂತ್ರವು ತನ್ನ 16 ಪದಾರ್ಥಗಳಲ್ಲಿ (ಇಲ್ಲಿ ಪದಾರ್ಥವೆಂದರೆ ವಿಚಾರಣೆಯ ವಿಷಯ) ಪ್ರಮಾಣವನ್ನೇ, ಅಂದರೆ ಅರಿವಿನ ಸಾಧನವನ್ನೇ, ಮೊದಲು ಹೇಳಿ, ಅವುಗಳ ತತ್ತ್ವಜ್ಞಾನದಿಂದ ನಿಃಶ್ರೇಯಸ (ಪರಮ ಶ್ರೇಯಸ್ಸು) ದೊರೆಯುತ್ತದೆ ಎನ್ನುತ್ತದೆ. ತತ್ತ್ವಮೀಮಾಂಸೆಯು ಶಾಸ್ತ್ರವಾಗಿ ನಿಲ್ಲಬಲ್ಲುದೇ ಎಂದು 1781ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಎತ್ತಿದ ಪ್ರಶ್ನೆಯನ್ನು ಈ ಪ್ರಮಾಣವಿಚಾರದ ಪಕ್ಕದಲ್ಲಿಟ್ಟು ಓದಬೇಕೇ ಹೊರತು, ಅದ್ವೈತದ ಮಾಯಾವಾದಕ್ಕೆ ಅವಸರದಲ್ಲಿ ಗಂಟುಹಾಕಬಾರದು.